ಬೇಳೆ ಬೇಯದ ನೀರು

ತಾಂಡೂರಿನ ತೊಗರಿಗೆ ದೊಡ್ಡ ಹೆಸರು. 2022ರ ಡಿಸೆಂಬರಿನಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮುದ್ರೆಯೂ ಬಿತ್ತು. ಗಡಿಯ ಆಚೆಯ ಕಲಬುರಗಿ ತೊಗರಿಗೆ ಅದು 2019ರಲ್ಲೇ ಸಿಕ್ಕಿತ್ತು. ಎರಡೂ ಒಂದೇ ನೆಲದ ಬೆಳೆ, ನಡುವೆ ರಾಜ್ಯದ ಗೆರೆಯೊಂದು ಹಾದಿದೆ, ಅಷ್ಟೆ. ಈ ಬೇಳೆ ಚೆನ್ನಾಗಿ ಬೇಯುತ್ತದೆ, ಘಮ ಇದೆ, ಇಟ್ಟರೆ ಕೆಡುವುದಿಲ್ಲ ಎಂದು ವ್ಯಾಪಾರಿಗಳೂ ಹೇಳುತ್ತಾರೆ, ಉಂಡವರೂ ಹೇಳುತ್ತಾರೆ. ಆದರೆ ಅದೇ ಸೀಮೆಯ ಎಷ್ಟೋ ಮನೆಗಳಲ್ಲಿ ಬೋರಿನ ನೀರಿಗೆ ಬೇಳೆ ಹಾಕಿ ಒಲೆಯ ಮೇಲಿಟ್ಟರೆ ತಾಸು ಕಳೆದರೂ ಕಾಳು ಕಾಳಾಗಿಯೇ ಕೂತಿರುತ್ತದೆ. ಮೊದಲು ಬೈಸಿಕೊಳ್ಳುವವನು ಅಂಗಡಿಯವನು, ಆಮೇಲೆ ಕುಕ್ಕರು. ಮನೆಯ ಹಿರಿಯರು ಮಾತ್ರ ಸರಿಯಾದ ಕಡೆಗೇ ಬೊಟ್ಟು ಮಾಡುತ್ತಾರೆ: "ಬ್ಯಾಳಿ ಛಲೋನೇ ಅದವ್ವಾ, ನೀರು ಗಡಸ ಅದಾವ. ಚಿಟಿಕಿ ಸೋಡಾ ಹಾಕು."

ಆ ಹಿರಿಯರ ಮಾತಿನಲ್ಲಿ ರಸಾಯನಶಾಸ್ತ್ರ ಪೂರ್ತಿ ಇದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳ ನಡುವಿನ ಪೆಕ್ಟಿನ್ ಎಂಬ ಅಂಟನ್ನು ಗಟ್ಟಿಯಾಗಿ ಹಿಡಿದುಬಿಡುತ್ತದೆ, ಅದು ಬಿಡುವವರೆಗೆ ಬೇಳೆ ಕರಗದು. ಸೋಡಾ ಹಾಕಿದರೆ ಆ ಹಿಡಿತ ಸಡಿಲುತ್ತದೆ. ಸರಿ, ನೀರಿಗೆ ಕ್ಯಾಲ್ಸಿಯಂ ಎಲ್ಲಿಂದ ಬಂತು? ಕಲ್ಲಿನಿಂದ. ಕಲ್ಲನ್ನು ನೀರಿನಲ್ಲಿ ಕರಗಿಸಿದವರು ಯಾರು? ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಬೇಳೆ ಬೇಯದ ಒಂದು ತಪ್ಪಲೆಯಿಂದ ಹೊರಟರೆ ಭೂಮಿ ಕೋಟ್ಯಂತರ ವರ್ಷಗಳಲ್ಲಿ ಹೇಗೆ ತಣ್ಣಗಾಗುತ್ತ ಬಂತು ಎನ್ನುವಲ್ಲಿಗೆ ಹೋಗಿ ಮುಟ್ಟಬಹುದು. ನನಗೆ ಈ ದಾರಿಯಲ್ಲಿ ನಡೆಯುವುದು ಬಹಳ ಇಷ್ಟ, ಆದ್ದರಿಂದ ಅವಸರ ಮಾಡುವುದಿಲ್ಲ.

ಮಳೆಹನಿ ಬೀಳುವಾಗಲೇ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಒಂದಿಷ್ಟು ಕರಗಿಸಿಕೊಂಡು ಬರುತ್ತದೆ. ಅದರಿಂದ ಆಗುವ ಕಾರ್ಬಾನಿಕ್ ಆಮ್ಲ ಬಲು ಸೌಮ್ಯ, ನಾವು ಕುಡಿಯುವ ಗೋಲಿ ಸೋಡಾದಲ್ಲಿರುವುದೂ ಅದೇ. ನೆಲದೊಳಕ್ಕೆ ಇಳಿದ ಮೇಲೆ ಅದರ ಬಲ ಹೆಚ್ಚುತ್ತದೆ. ಬೇರುಗಳು ಉಸಿರಾಡುತ್ತವೆ, ಸೂಕ್ಷ್ಮಜೀವಿಗಳು ಸೊಪ್ಪುಸದೆ ತಿಂದು ಉಸಿರಾಡುತ್ತವೆ. ಹೀಗಾಗಿ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಆ ನೀರು ಕಲ್ಲಿಗೆ ತಾಗಿದಾಗ ಕಲ್ಲಿನೊಳಗಿನ ಕ್ಯಾಲ್ಸಿಯಂ, ಮೆಗ್ನೀಷಿಯಂ, ಸೋಡಿಯಂ ಬಿಡಿಸಿಕೊಂಡು ಹೊರಬರುತ್ತವೆ. ಗಾಳಿಯಲ್ಲಿದ್ದ ಇಂಗಾಲ ಬೈಕಾರ್ಬನೇಟ್ ಆಗಿ ನೀರಿನಲ್ಲಿ ಉಳಿಯುತ್ತದೆ. ನಿಮ್ಮ ಕೊಡದಲ್ಲಿರುವ ಸವಳು ನೀರು ಎಂದರೆ ಕರಗಿದ ಕಲ್ಲು ಮತ್ತು ಸೆರೆಸಿಕ್ಕ ಗಾಳಿ, ಎರಡೂ ಸೇರಿದ್ದು.

ಈ ನೀರನ್ನು ಕುದಿಸಿ ನೋಡಿ. ತಳದಲ್ಲಿ ಬೆಳ್ಳಗೆ ಹೊಟ್ಟು ಕಟ್ಟುತ್ತದೆ. ಬಿಸಿಗೆ ಬೈಕಾರ್ಬನೇಟ್ ಒಡೆದು ಅರ್ಧ ಇಂಗಾಲ ಸುಣ್ಣಕಲ್ಲಾಗಿ ಪಾತ್ರೆಗೆ ಅಂಟುತ್ತದೆ, ಇನ್ನರ್ಧ ಗಾಳಿಗೆ ಮರಳುತ್ತದೆ. ಸಮುದ್ರದಲ್ಲಿ ನಡೆಯುವುದೂ ಇದೇ ಕೆಲಸ. ಅಲ್ಲಿ ಕುದಿತದ ಬದಲು ಶಂಖ, ಕಪ್ಪೆಚಿಪ್ಪು, ಹವಳ ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಜೀವಿಗಳು ನದಿ ತಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬನೇಟಿನಿಂದ ಚಿಪ್ಪು ಕಟ್ಟುತ್ತವೆ. ಸತ್ತ ಮೇಲೆ ಚಿಪ್ಪು ತಳ ಸೇರುತ್ತದೆ, ಒತ್ತಡಕ್ಕೆ ಸಿಕ್ಕಿ ಸುಣ್ಣದ ಬಂಡೆಯಾಗುತ್ತದೆ. ಇಂದು ಭೂಮಿಯ ಮೇಲಿನ ಸುಣ್ಣದ ಶಿಲೆಗಳಲ್ಲಿ ಬಂಧಿಯಾಗಿರುವ ಇಂಗಾಲ, ವಾತಾವರಣದಲ್ಲಿರುವುದಕ್ಕಿಂತ ಹತ್ತಾರು ಸಾವಿರ ಪಟ್ಟು ಹೆಚ್ಚು. ಅದೆಲ್ಲ ಗಾಳಿಯಲ್ಲೇ ಇದ್ದಿದ್ದರೆ ನಾವಿರುತ್ತಿರಲಿಲ್ಲ.

ಈಗ ಈ ಸೀಮೆಯ ಮೂರು ಊರುಗಳಿಗೆ ಬರೋಣ. ಜಹೀರಾಬಾದ್ ಮತ್ತು ನಾರಾಯಣಖೇಡ ಇರುವುದು ಸಂಗಾರೆಡ್ಡಿ ಜಿಲ್ಲೆಯಲ್ಲಿ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿ. ಸಂತೆಯಲ್ಲಿ ಕನ್ನಡ, ತೆಲುಗು, ಮರಾಠಿ, ದಖನಿ ಎಲ್ಲ ಒಂದೇ ತಕ್ಕಡಿಯ ಸುತ್ತ ಕೇಳುವ ಸೀಮೆ ಇದು. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಬೀದರ್ ಕಡೆಯ ಭಕ್ತರು ಬರುತ್ತಲೇ ಇರುತ್ತಾರೆ. ಭೂವಿಜ್ಞಾನದ ಕಣ್ಣಿಗೆ ಈ ಮೂರು ಊರುಗಳ ನಡುವೆ ಎರಡು ಗೆರೆಗಳಿವೆ. ಒಂದು ಕಲ್ಲಿನ ಗೆರೆ: ಮೊದಲೆರಡು ಊರು ಕರಿಕಲ್ಲಿನ ಮೇಲಿವೆ, ಎಂದರೆ ದಖನ್ನಿನ ಲಾವಾ ಹೆಪ್ಪುಗಟ್ಟಿದ ಬಸಾಲ್ಟ್. ತಾಂಡೂರು ಸುಣ್ಣದ ಪರಸಿಯ ಮೇಲಿದೆ. ಇನ್ನೊಂದು ನೀರಿನ ಗೆರೆ. ನಾರಾಯಣಖೇಡದ ನೀರು ಮಾಂಜ್ರಾಕ್ಕೆ, ಅಲ್ಲಿಂದ ಗೋದಾವರಿಗೆ. ತಾಂಡೂರಿನ ನೀರು ಕಾಗಿಣಾಕ್ಕೆ, ಅಲ್ಲಿಂದ ಭೀಮೆಗೆ, ಕೃಷ್ಣೆಗೆ. ಜಹೀರಾಬಾದಿನ ನಾರಿಂಜ ಹಳ್ಳದ್ದು ಇನ್ನೂ ಚೆಂದದ ಪಯಣ. ಅದು ಗಡಿ ದಾಟಿ ಬೀದರ್ ಜಿಲ್ಲೆಗೆ ಹೋಗಿ ಕಾರಂಜಾ ಎನ್ನಿಸಿಕೊಂಡು ಮಾಂಜ್ರಾ ಸೇರುತ್ತದೆ. ಆ ಮಾಂಜ್ರಾ ಮತ್ತೆ ತೆಲಂಗಾಣಕ್ಕೆ ಬಂದು ನಾರಾಯಣಖೇಡದ ಮಗ್ಗುಲಲ್ಲೇ ಹರಿದು ಸಿಂಗೂರು ಜಲಾಶಯಕ್ಕೆ ಇಳಿಯುತ್ತದೆ. ಹೋದ ನೀರು ಸುತ್ತಿ ಮನೆಗೇ ಬಂದಂತೆ.

ಮಾಂಜ್ರಾ ಹುಟ್ಟುವುದು ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ, ಗೋದಾವರಿ ಸೇರುವುದು ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿಯಲ್ಲಿ. 724 ಕಿಲೋಮೀಟರಿನ ಈ ಹರಿವಿನಲ್ಲಿ ನಾರಾಯಣಖೇಡದವರೆಗೂ ಅದು ತುಳಿಯುವುದು ಹೆಚ್ಚುಕಡಿಮೆ ಕರಿಕಲ್ಲನ್ನೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಈಗಲೂ 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಹೊದ್ದಿದೆ. ಆ ಹೊದಿಕೆಯ ಆಗ್ನೇಯ ಅಂಚು ನಮ್ಮ ಈ ಸೀಮೆ. ಜಹೀರಾಬಾದಿನಿಂದ ಹೈದರಾಬಾದ್ ಕಡೆ ಹೋದರೆ ಕರಿಕಲ್ಲು ಮುಗಿದು ಗುಂಡು ಗುಂಡು ಗ್ರಾನೈಟ್ ಶುರುವಾಗುವುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು.

ಜಹೀರಾಬಾದ್ ಸುತ್ತ ರಸ್ತೆಗಾಗಿ ದಿಬ್ಬ ಕಡಿದಿರುವ ಕಡೆ ನಿಂತು ಆ ಕಡಿತವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ನೋಡಬೇಕು. ಮೇಲೆ ಇಟ್ಟಿಗೆ ಕೆಂಪಿನ, ತೂತು ತೂತಾದ ಜಂಬಿಟ್ಟಿಗೆ. ಅದರ ಕೆಳಗೆ ಉಗುರಿನಿಂದ ಕೆರೆದರೂ ಉದುರುವ ಹಳದಿ ಬಿಳುಪಿನ ಮೆದು ಜೇಡಿ. ಇನ್ನೂ ಕೆಳಗೆ ಕಂದು ಬಣ್ಣದ ಕೊಳೆತ ಕಲ್ಲು. ಅದರ ನಡುವೆ ಅಲ್ಲಲ್ಲಿ ತಲೆಗಾತ್ರದ, ಕುಂಬಳಗಾತ್ರದ ಗುಂಡುಗಳು. ಒಂದು ಗುಂಡಿಗೆ ಕೈಹಚ್ಚಿದರೆ ಹೊರಗಿನ ಸಿಪ್ಪೆ ಪದರು ಪದರಾಗಿ ಸುಲಿದು ಬರುತ್ತದೆ, ಒಳಗೆ ಹೋದಂತೆ ಬಣ್ಣ ಕಡುವಾಗುತ್ತದೆ. ನಟ್ಟನಡುವೆ ಸುತ್ತಿಗೆಗೂ ಜಗ್ಗದ ಕರಿಯ ತಿರುಳು ಉಳಿದಿರುತ್ತದೆ. ನೀರು ಬಿರುಕಿನಿಂದ ಒಳಗೆ ನುಗ್ಗಿ ನಾಲ್ಕೂ ಕಡೆಯಿಂದ ಕಲ್ಲನ್ನು ತಿನ್ನುತ್ತ ಬಂದಿದೆ, ತಿರುಳನ್ನು ಇನ್ನೂ ಮುಟ್ಟಿಲ್ಲ. ಮೇಲಿನ ಜಂಬಿಟ್ಟಿಗೆಯೂ ಒಂದು ಕಾಲಕ್ಕೆ ಇದೇ ಕರಿಕಲ್ಲು. ಅದರ ಕ್ಯಾಲ್ಸಿಯಂ ಹೋಯಿತು, ಮೆಗ್ನೀಷಿಯಂ ಹೋಯಿತು, ಸೋಡಿಯಂ ಹೋಯಿತು, ಸಿಲಿಕಾದ ಬಹುಪಾಲೂ ಹೋಯಿತು. ಕರಗಲು ಒಲ್ಲದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಮಾತ್ರ ತುಕ್ಕು ಬಣ್ಣ ಬಳಿದುಕೊಂಡು ಉಳಿದವು. ಬೀದರ್ ಕೋಟೆಯ ಕಂದಕವನ್ನು ಕಡಿದಿರುವುದು ಈ ಶಿಲೆಯಲ್ಲೇ, ನರಸಿಂಹ ಝರಾದ ಗುಹೆ ತೋಡಿರುವುದೂ ಇದರಲ್ಲೇ. ತೂತುಗಳಲ್ಲಿ ಇಳಿದ ಮಳೆನೀರು ಕೆಳಗಿನ ಜೇಡಿಯ ಮೇಲೆ ನಿಂತು ಪಕ್ಕಕ್ಕೆ ಜಿನುಗುತ್ತದೆ. ಬೀದರಿನ ಬುಗ್ಗೆಗಳಿಗೂ ಸುರಂಗ ಬಾವಿಗಳಿಗೂ ಅದೇ ಮೂಲ.

ಕಳೆದುಹೋದ ಆ ಕ್ಯಾಲ್ಸಿಯಮ್ಮು ಮೆಗ್ನೀಷಿಯಮ್ಮು ಸುಮ್ಮನೆ ಹೋಗಲಿಲ್ಲ. ಒಂದೊಂದು ಕಣವೂ ಹೋಗುವಾಗ ಗಾಳಿಯ ಇಂಗಾಲವನ್ನು ಜೊತೆಗೆ ಕರೆದುಕೊಂಡು ನದಿಗೆ ಇಳಿಯಿತು. ಬಸಾಲ್ಟಿನಂಥ ಸಿಲಿಕೇಟ್ ಶಿಲೆ ಕರಗುವಾಗ ಗಾಳಿಯಿಂದ ಎರಡು ಪಾಲು ಇಂಗಾಲ ಒಳಬರುತ್ತದೆ. ಸಮುದ್ರದಲ್ಲಿ ಚಿಪ್ಪಾಗುವಾಗ ಒಂದು ಪಾಲು ಗಾಳಿಗೆ ಮರಳಿ, ಇನ್ನೊಂದು ಪಾಲು ಕಲ್ಲಾಗಿ ತಳದಲ್ಲಿ ಉಳಿಯುತ್ತದೆ. ಅಷ್ಟು ನಿವ್ವಳ ಉಳಿತಾಯ. ಇದನ್ನು ಮೊದಲು ಬಿಡಿಸಿ ಹೇಳಿದವರು ಫ್ರಾನ್ಸಿನ ಗಣಿ ಎಂಜಿನಿಯರ್ ಎಬೆಲ್ಮನ್, 1845ರಲ್ಲಿ. ಲೋಕ ಅವರನ್ನು ಮರೆಯಿತು. 1952ರಲ್ಲಿ ಹೆರಾಲ್ಡ್ ಯೂರಿ ಮತ್ತೆ ಹೇಳಿದಾಗ ಆ ಕ್ರಿಯೆಗೆ ಯೂರಿಯ ಹೆಸರೇ ಅಂಟಿಕೊಂಡಿತು. 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಭೂಮಿ ಬಿಸಿಯಾದರೆ ಮಳೆ ಹೆಚ್ಚುತ್ತದೆ, ಕಲ್ಲು ಬೇಗ ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಭೂಮಿ ತಣಿಯುತ್ತದೆ. ತೀರಾ ತಣ್ಣಗಾದರೆ ಕಲ್ಲು ಕರಗುವುದು ನಿಧಾನವಾಗಿ, ಜ್ವಾಲಾಮುಖಿಗಳು ಉಗುಳುವ ಅನಿಲ ಗಾಳಿಯಲ್ಲಿ ಸೇರುತ್ತ ಹೋಗಿ ಮತ್ತೆ ಬೆಚ್ಚಗಾಗುತ್ತದೆ. ಸೂರ್ಯನ ಕಾವು ಕೋಟ್ಯಂತರ ವರ್ಷಗಳಲ್ಲಿ ಏರುತ್ತ ಬಂದರೂ ಭೂಮಿಯ ಮೇಲಿನ ನೀರು ಆವಿಯಾಗಿ ಹೋಗದೆ ಉಳಿದದ್ದಕ್ಕೆ ಈ ಹತೋಟಿಯೇ ಕಾರಣ ಎನ್ನುವ ವಿವರಣೆಗಿಂತ ಒಳ್ಳೆಯದು ಇದುವರೆಗೆ ಬಂದಿಲ್ಲ ಎಂದೇ ನನ್ನ ನಂಬಿಕೆ.

ನಮ್ಮ ಕರಿಕಲ್ಲಿಗೆ ಇದರಲ್ಲಿ ದೊಡ್ಡ ಪಾಲಿದೆ. ಸಿಲಿಕೇಟ್ ಶಿಲೆಗಳಲ್ಲಿ ಬಸಾಲ್ಟ್ ಬೇಗ ಕರಗುವ ಜಾತಿಯದು, ಗ್ರಾನೈಟ್ ಮೊಂಡು. 2001ರಲ್ಲಿ ಫ್ರಾನ್ಸಿನ ಸೆಲೀನ್ ಡೆಸೆರ್ ಮತ್ತು ಸಂಗಡಿಗರು, ರೂರ್ಕಿಯ ಗೋವಿಂದ ಚಕ್ರಪಾಣಿಯವರೂ ಸೇರಿ, ದಖನ್ನಿನ ಕರಿಕಲ್ಲಿನ ಮೇಲೆ ಹರಿಯುವ ನರ್ಮದಾ, ತಾಪಿ, ವೈನಗಂಗಾ ನದಿಗಳ ನೀರಿನ ರಸಾಯನವನ್ನು ಪರೀಕ್ಷಿಸಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ಪ್ರಕಾರ ಲಾವಾ ಉಕ್ಕಿದ ಕಾಲಕ್ಕೆ ಅದರ ಅನಿಲದಿಂದ ಭೂಮಿ ಸುಮಾರು 4 ಡಿಗ್ರಿ ಬಿಸಿಯಾಯಿತು. ಆಮೇಲೆ ಆ ಲಾವಾ ಕಲ್ಲಾಗಿ, ಮಳೆಗೆ ಕರಗುತ್ತ ಬಂದು, ತಾನು ತಂದದ್ದಕ್ಕಿಂತ ಹೆಚ್ಚು ಇಂಗಾಲವನ್ನು ಗಾಳಿಯಿಂದ ತೆಗೆಯಿತು. ದಖನ್ ಬಸಾಲ್ಟ್ ಇಲ್ಲದೇ ಹೋಗಿದ್ದರೆ ಕೈಗಾರಿಕಾ ಯುಗಕ್ಕೆ ಮೊದಲಿನ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 20ರಷ್ಟು ಹೆಚ್ಚಿರುತ್ತಿತ್ತು ಎಂಬುದು ಅವರ ಲೆಕ್ಕ. ಆಗ ಇದ್ದದ್ದು ಹತ್ತು ಲಕ್ಷಕ್ಕೆ 280 ಭಾಗ, ಇಲ್ಲದಿದ್ದರೆ ಇನ್ನೂ 57 ಭಾಗ ಸೇರಿರುತ್ತಿತ್ತು. ನಾರಾಯಣಖೇಡದ ಹೊಲದ ಬದುವಿನಲ್ಲಿ ಬಿದ್ದಿರುವ ಕರಿಕಲ್ಲಿಗೆ ಈ ಮಟ್ಟದ ಹೆಸರು ಇದೆ ಎಂದು ಯಾವ ಪಠ್ಯಪುಸ್ತಕದಲ್ಲೂ ನಾವು ಓದಲಿಲ್ಲ. ಓದಬೇಕಿತ್ತು. 2008ರಲ್ಲಿ ಡೆನ್ನಿಸ್ ಕೆಂಟ್ ಮತ್ತು ಜೊವಾನ್ನಿ ಮುಟ್ಟೋನಿ ಇನ್ನೊಂದು ಎಳೆ ಜೋಡಿಸಿದರು. ಭಾರತ ಉತ್ತರಕ್ಕೆ ಸರಿಯುತ್ತ ಈ ಕರಿಕಲ್ಲಿನ ಹೊದಿಕೆಯನ್ನು ಸಮಭಾಜಕದ ಬಿಸಿ ಮಳೆಯ ಪಟ್ಟಿಗೆ ಹೊತ್ತು ತಂದದ್ದು, ಭೂಮಿಯ ದೀರ್ಘಕಾಲದ ತಣಿವಿಗೆ ಒಂದು ಕಾರಣ ಎಂಬುದು ಅವರ ವಾದ.

ಬೀದರಿನ ಜಂಬಿಟ್ಟಿಗೆಗೂ ಹೊರದೇಶದಲ್ಲಿ ಹೆಸರಿದೆ. 2004ರಲ್ಲಿ ಅದರ ಪದರಗಳಲ್ಲಿನ ಲಿಥಿಯಂ ಐಸೊಟೋಪುಗಳ ಮೇಲೆ ಬಂದ ಅಧ್ಯಯನವನ್ನು ಈ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ. ಹಳೆಯ ಕಾಲದ ಸಮುದ್ರದ ಕೆಸರಿನಲ್ಲಿ ಲಿಥಿಯಂ ನೋಡಿ, ಆಗ ಭೂಮಿಯ ಮೇಲೆ ಕಲ್ಲು ಎಷ್ಟು ಜೋರಾಗಿ ಕರಗುತ್ತಿತ್ತು ಎಂದು ಊಹಿಸುವ ವಿದ್ಯೆಗೆ ಇಂಥ ಜಾಗಗಳೇ ಪಾಠಶಾಲೆ.

ಜಂಬಿಟ್ಟಿಗೆಯ ಇಳಿಜಾರು ದಾಟಿ ತಗ್ಗಿಗೆ ಬಂದರೆ ಎರೆ ನೆಲ. ಅದೂ ಕರಿಕಲ್ಲಿನ ಮಗುವೇ, ಆದರೆ ಮಳೆ ಕಡಿಮೆಯಾದ್ದರಿಂದ ಕರಗಿದ್ದೆಲ್ಲ ತೊಳೆದು ಹೋಗದೆ ಅಲ್ಲೇ ನಿಂತಿದೆ. ಬೇಸಿಗೆಯಲ್ಲಿ ಎರೆ ಬಿರಿದಾಗ ಬಿರುಕಿನ ಗೋಡೆಯಲ್ಲಿ ಕಡಲೆಗಾತ್ರದ ಬಿಳಿ ಹರಳುಗಳು ಕಾಣುತ್ತವೆ. ಅವು ಕಂಕರ, ಸುಣ್ಣದ ಗಂಟು. ಕರಿಕಲ್ಲಿನ ಕ್ಯಾಲ್ಸಿಯಮ್ಮೂ ಗಾಳಿಯ ಇಂಗಾಲವೂ ಸಮುದ್ರದವರೆಗೆ ಹೋಗುವ ತಾಳ್ಮೆ ಇಲ್ಲದೆ ಹೊಲದಲ್ಲೇ ಕೂಡಿಕೊಂಡು ಕಲ್ಲಾದದ್ದು. ಇಂಗಾಲ ಸೆರೆಯಾಯಿತೆಂದು ಸಂತೋಷಪಡುವಂತೆಯೂ ಇಲ್ಲ. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯ ಡಿ. ಕೆ. ಪಾಲ್ ಮತ್ತು ಸಂಗಡಿಗರು ವರ್ಷಗಟ್ಟಲೆ ಎರೆ ಮಣ್ಣನ್ನು ನೋಡಿ ಹೇಳಿದ್ದು ಹೀಗೆ: ಒಣ ಹವೆಯಲ್ಲಿ ಕ್ಯಾಲ್ಸಿಯಂ ಹೀಗೆ ಹರಳುಗಟ್ಟಿದಷ್ಟೂ ಮಣ್ಣಿನಲ್ಲಿ ಸೋಡಿಯಮ್ಮಿನ ಕೈ ಮೇಲಾಗುತ್ತದೆ, ನೀರು ಇಂಗುವುದು ನಿಲ್ಲುತ್ತದೆ, ಹೊಲ ಕೆಡುತ್ತದೆ. ವಾತಾವರಣಕ್ಕೆ ಒಳ್ಳೆಯದಾದದ್ದೆಲ್ಲ ಒಕ್ಕಲಿಗನಿಗೂ ಒಳ್ಳೆಯದೇ ಆಗಬೇಕೆಂದಿಲ್ಲ. ಇದನ್ನು ಮುಂದೆ ಕಲ್ಲುಪುಡಿಯ ಮಾತು ಬಂದಾಗ ನೆನಪಿಡಬೇಕು.

ತಾಂಡೂರಿನ ಕಥೆ ಬೇರೆ. ಅಲ್ಲಿಯ ಪರಸಿ, ತೆಲುಗಿನವರ ನಾಪರಾಯಿ, ಭೀಮಾ ಶಿಲಾಸಮೂಹಕ್ಕೆ ಸೇರಿದ್ದು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಎಲ್ಲ ಅದರ ಮೇಲೆಯೇ ಇವೆ. 1872ರಲ್ಲಿ ಭೂವಿಜ್ಞಾನಿ ವಿಲಿಯಂ ಕಿಂಗ್ ಅದಕ್ಕೆ ಭೀಮೆಯ ಹೆಸರಿಟ್ಟರು. ಚಿಪ್ಪು ಕಟ್ಟುವ ಪ್ರಾಣಿಗಳು ಹುಟ್ಟುವುದಕ್ಕೂ ಬಹಳ ಹಿಂದೆ, ಒಂದು ತೆಳುನೀರಿನ ಕಡಲಿನ ತಳದಲ್ಲಿ ಪದರ ಪದರವಾಗಿ ಸುಣ್ಣ ಕೂತು ಆದ ಕಲ್ಲು ಅದು. ಖಣಿಯಲ್ಲಿ ಕೆಲಸ ನೋಡುತ್ತ ನಿಂತಾಗ ಹಿರಿಯ ಕೆಲಸಗಾರರೊಬ್ಬರು ಚಾಣವನ್ನು ಒಂದು ಕಡೆ ಇಟ್ಟು ಹಗುರವಾಗಿ ತಟ್ಟಿದರು, ಇನ್ನೊಂದು ಕಡೆ ತಟ್ಟಿದರು, ಆಮೇಲೆ ಹಾರೆ ಹಾಕಿ ಎತ್ತಿದರು. ಮಂಚದಗಲದ ಹಾಸುಗಲ್ಲು ಸದ್ದಿಲ್ಲದೆ ಎದ್ದು ಬಂತು. ಹೇಗೆ ಗೊತ್ತಾಗುತ್ತದೆ ಕಾಕಾ ಎಂದರೆ, "ಪದರ ಎಲ್ಲಿ ಬಿಡ್ತದ ಅಂತ ಸಪ್ಪಳದಾಗೇ ತಿಳೀತದ ತಮ್ಮಾ, ಬಿಡಲಾರದ ಕಡೆ ಬಡದ್ರ ಕಲ್ಲು ಒಡೀತದ, ದಂಧಿ ಹಾಳ" ಎಂದರು. ಬಿಟ್ಟುಕೊಂಡ ಎರಡು ಪದರಗಳ ನಡುವೆ ಕೂದಲೆಳೆಯಷ್ಟು ಜೇಡಿ ಇತ್ತು. ಆ ಕಡಲಿನಲ್ಲಿ ಸುಣ್ಣ ಕೂರುವುದು ನಿಂತು ಸ್ವಲ್ಪ ಕಾಲ ಮಣ್ಣುನೀರು ಬಂದುಹೋದ ಗುರುತು ಅದು. ಕರ್ನಾಟಕದ ಎಷ್ಟು ಮನೆಗಳ ಪಡಸಾಲೆ, ಎಷ್ಟು ರೈಲು ನಿಲ್ದಾಣಗಳ ಕಟ್ಟೆ ಈ ಕಲ್ಲಿನದು! ಅಡುಗೆಮನೆಯ ಕಟ್ಟೆಗೆ ಹಾಕಿಸಿದವರಿಗೆ ಗೊತ್ತು, ಲಿಂಬೆಹಣ್ಣು ಕೊಯ್ದಿಟ್ಟು ಮರೆತರೆ ಆ ಜಾಗದ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಹುಳಿ ತಾಗಿದ ಕಲ್ಲು ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟ ಗುರುತು ಅದು.

ಪರಸಿಯೂ ಮಳೆಗೆ ಕರಗುತ್ತದೆ, ಕರಿಕಲ್ಲಿಗಿಂತ ಎಷ್ಟೋ ಬೇಗ. ಆದ್ದರಿಂದಲೇ ತಾಂಡೂರಿನ ಬೋರಿನ ನೀರು ಅಷ್ಟು ಗಡಸು. ಕರಗುವಾಗ ಅದೂ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುತ್ತದೆ, ಆದರೆ ಅದು ಕೈಗಡ ತಂದ ಅಕ್ಕಿ. ಸಮುದ್ರದಲ್ಲಿ ಮತ್ತೆ ಸುಣ್ಣವಾಗುವ ದಿನ ತಂದಷ್ಟನ್ನೂ ಗಾಳಿಗೆ ಹಿಂದಿರುಗಿಸುತ್ತದೆ. ಆ ದಿನ ಬರಲು ಲಕ್ಷ ವರ್ಷದ ಮಾತಿರಬಹುದು, ಆದರೂ ಬಂದೇ ಬರುತ್ತದೆ. ಹೀಗಾಗಿ ಮಾಂಜ್ರಾದ ಕ್ಷಾರಕ್ಕೂ ಕಾಗಿಣಾದ ಕ್ಷಾರಕ್ಕೂ ಪರೀಕ್ಷೆಯ ನಳಿಕೆಯಲ್ಲಿ ವ್ಯತ್ಯಾಸ ಕಾಣದಿದ್ದರೂ ಭೂಮಿಯ ಲೆಕ್ಕದಲ್ಲಿ ಅಜಗಜಾಂತರ. ನದಿಯ ರಸಾಯನ ಓದುವವರ ಕಷ್ಟವೂ ಅಲ್ಲೇ ಇದೆ. ಎಷ್ಟು ಬೈಕಾರ್ಬನೇಟ್ ಕರಿಕಲ್ಲಿನದು, ಎಷ್ಟು ಸುಣ್ಣದ್ದು ಎಂದು ಬೇರ್ಪಡಿಸಲು ಅವರು ಸಿಲಿಕಾ, ಸೋಡಿಯಂ, ಸ್ಟ್ರಾಂಷಿಯಂ ಐಸೊಟೋಪುಗಳನ್ನೆಲ್ಲ ಸಾಕ್ಷಿಗೆ ಕರೆಯಬೇಕಾಗುತ್ತದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಕೃಷ್ಣಾ ಕಣಿವೆಯ ಬಸಾಲ್ಟ್ ಭಾಗದಲ್ಲಿ ಈ ಕೆಲಸ ಮಾಡಿ 2005ರಲ್ಲಿ ಪ್ರಕಟಿಸಿದ್ದಾರೆ.

ಮಳೆ ಇಷ್ಟು ಸಾವಧಾನದಿಂದ ಮಾಡುವುದನ್ನು ಕುಲುಮೆ ಕೆಲವೇ ತಾಸಿನಲ್ಲಿ ತಲೆಕೆಳಗು ಮಾಡುತ್ತದೆ. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ ಉಳಿಯುವುದು 56 ಕಿಲೋ ಸುಣ್ಣ, ಗಾಳಿಗೆ ಹೋಗುವುದು 44 ಕಿಲೋ ಇಂಗಾಲದ ಡೈಆಕ್ಸೈಡ್. ತಾಂಡೂರು ಬಳಿಯ ಕರಣಕೋಟೆಯಲ್ಲಿ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಖಾನೆ ಇದೆ, ಸುತ್ತಮುತ್ತ ಖಾಸಗಿಯವರವೂ ಇವೆ. ಗಡಿಯ ಆಚೆ ಸೇಡಂ, ಮಳಖೇಡ, ವಾಡಿಯ ಕಾರ್ಖಾನೆಗಳು ಇದೇ ಕಲ್ಲಿನ ಪಟ್ಟಿಯನ್ನು ನೆಚ್ಚಿವೆ. 1450 ಡಿಗ್ರಿಯ ಕುಲುಮೆಗೆ ಕಲ್ಲಿದ್ದಲೂ ಬೇಕು, ಅದರ ಹೊಗೆ ಬೇರೆ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ಶೇ. 7–8ರಷ್ಟು ಸಿಮೆಂಟಿನಿಂದ ಬರುತ್ತದೆ. ಕಲ್ಲಿದ್ದಲಿನ ಬದಲು ಸೂರ್ಯನ ಬಿಸಿಯಲ್ಲೇ ಸುಟ್ಟರೂ ಕಲ್ಲಿನೊಳಗಿನ ಆ 44 ಕಿಲೋ ತಪ್ಪುವುದಿಲ್ಲ. ಈ ಉದ್ಯಮದಿಂದ ಸೀಮೆಯ ಸಾವಿರಾರು ಮನೆಗಳಲ್ಲಿ ಒಲೆ ಉರಿಯುತ್ತಿದೆ, ಅದನ್ನು ಹಗುರವಾಗಿ ಆಡುವುದು ತಪ್ಪು. ಆದರೆ ಸಿಮೆಂಟನ್ನು ಹಿತಮಿತವಾಗಿ ಬಳಸುವುದು, ಹಾರುಬೂದಿ ಬೆರೆಸುವುದು, ಪರಸಿ ಸಿಗುವ ಕಡೆ ಕಾಂಕ್ರೀಟ್ ಸುರಿಯದಿರುವುದು ನಮ್ಮ ಕೈಯಲ್ಲೇ ಇದೆ.

ಹಿಂದಿನವರು ಸುಣ್ಣ ಸುಡುತ್ತಿರಲಿಲ್ಲವೇ ಎಂದು ಕೇಳಬಹುದು. ಸುಡುತ್ತಿದ್ದರು. 1472ರಲ್ಲಿ ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ಎದ್ದು ನಿಂತದ್ದು ಗಚ್ಚಿನ ಬಲದಿಂದ. ಆದರೆ ಗಚ್ಚು ಗಟ್ಟಿಯಾಗುವುದೇ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕುಡಿದು. ಅರಳಿಸಿದ ಸುಣ್ಣ ಮತ್ತೆ ಸುಣ್ಣಕಲ್ಲಾಗುತ್ತದೆ. ಕಾಂಕ್ರೀಟೂ ನಿಧಾನವಾಗಿ ಹೀಗೆ ಹೀರುತ್ತದೆ. 1930ರಿಂದ 2013ರವರೆಗೆ ಸಿಮೆಂಟಿಗಾಗಿ ಸುಟ್ಟ ಕಲ್ಲಿನಿಂದ ಹೊರಟ ಅನಿಲದಲ್ಲಿ ಶೇ. 43ರಷ್ಟು ಮತ್ತೆ ಸಿಮೆಂಟಿಗೇ ಮರಳಿದೆ ಎಂದು 2016ರ ಒಂದು ಅಧ್ಯಯನ ಹೇಳುತ್ತದೆ. ಕಲ್ಲಿದ್ದಲಿನ ಹೊಗೆ ಈ ಲೆಕ್ಕದಲ್ಲಿಲ್ಲ.

ಕಲ್ಲಿನಿಂದ ಸಾರ ಬಿಡಿಸುವುದು ಮಳೆನೀರೊಂದೇ ಅಲ್ಲ, ತೊಗರಿಯ ಬೇರಿಗೂ ಒಂದು ವಿದ್ಯೆ ಗೊತ್ತು. ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದೆ. ಅಲ್ಲಿಯ ಇಕ್ರಿಸ್ಯಾಟ್ ಸಂಸ್ಥೆಯಲ್ಲಿ ಜಪಾನಿನ ವಿಜ್ಞಾನಿಗಳು ನಡೆಸಿದ ಕೆಲಸ 1990ರಲ್ಲಿ ಪ್ರಕಟವಾಯಿತು. ಕೆಂಪು ಮಣ್ಣಿನಲ್ಲಿ ಕಬ್ಬಿಣ ರಂಜಕವನ್ನು ಬಿಗಿಯಾಗಿ ಹಿಡಿದಿಟ್ಟಿರುತ್ತದೆ, ಬೇರೆ ಬೆಳೆಗೆ ಅದು ದಕ್ಕುವುದಿಲ್ಲ. ತೊಗರಿಯ ಬೇರು ಪಿಸಿಡಿಕ್ ಆಮ್ಲ ಎಂಬುದನ್ನು ಸ್ರವಿಸಿ ಕಬ್ಬಿಣವನ್ನು ಕಟ್ಟಿಹಾಕಿ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ತೊಗರಿಯ ಜೊತೆ ಜೋಳ ಹಾಕುವ ನಮ್ಮ ಹಳೆಯ ಅಕ್ಕಡಿ ಪದ್ಧತಿಯ ಹಿಂದೆ ಇಂಥ ಲಾಭವೂ ಇದೆ. ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು 1983ರಿಂದ ಜಹೀರಾಬಾದಿನ ಬಂಜರು ಕೆಂಪು ನೆಲದಲ್ಲಿ ನವಣೆ, ಸಾವೆ, ಜೋಳ, ತೊಗರಿ ಕಲಸಿ ಬಿತ್ತಿ ತೋರಿಸಿದ್ದು ಸಣ್ಣ ಸಾಧನೆಯಲ್ಲ. ಬಗೆಬಗೆಯ ಬೇರು ಇದ್ದ ಕಡೆ ಕಲ್ಲು ಬಗೆಬಗೆಯಾಗಿ ಕರಗುತ್ತದೆ. ಇದಕ್ಕೆ ವಿರುದ್ಧವಾದದ್ದು ಯೂರಿಯಾ. ಅದರ ಸಾರಜನಕ ಮಣ್ಣಿನಲ್ಲಿ ನೈಟ್ರಿಕ್ ಆಮ್ಲವಾಗಿ ಸುಣ್ಣವನ್ನು ಕರಗಿಸುತ್ತದೆ. ಹಾಗೆ ಕರಗಿದ ಸುಣ್ಣ ಗಾಳಿಯ ಇಂಗಾಲ ಹಿಡಿಯುವುದಿಲ್ಲ, ತನ್ನೊಳಗಿನದನ್ನೇ ಬಿಟ್ಟುಕೊಡುತ್ತದೆ.

ಈಗ ಕಲ್ಲುಪುಡಿ. ಕರಿಕಲ್ಲನ್ನು ನುಣ್ಣಗೆ ಅರೆದು ಹೊಲಕ್ಕೆ ಚೆಲ್ಲಿದರೆ ಸಾವಿರಾರು ವರ್ಷದ ಕೆಲಸ ಕೆಲವೇ ವರ್ಷದಲ್ಲಿ ಆಗುತ್ತದೆ ಎಂಬ ಆಲೋಚನೆ ಜಗತ್ತಿನಲ್ಲೆಲ್ಲ ಹರಡಿದೆ. 2020ರಲ್ಲಿ ಡೇವಿಡ್ ಬೀರ್ಲಿಂಗ್ ತಂಡ, ಬೆಳೆನೆಲದಲ್ಲಿ ಹೀಗೆ ಮಾಡಿ ವರ್ಷಕ್ಕೆ 50ರಿಂದ 200 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ತೆಗೆಯಬಹುದು ಎಂದು ಅಂದಾಜಿಸಿತು. ಹೆಚ್ಚು ಅವಕಾಶವಿರುವ ದೇಶಗಳಲ್ಲಿ ಭಾರತವೂ ಒಂದು. ಛತ್ತೀಸಗಢದ ಸಣ್ಣ ರೈತರ ಭತ್ತದ ಗದ್ದೆಗಳಲ್ಲಿ ಬಸಾಲ್ಟ್ ಪುಡಿ ಹಾಕುವ ಮಾಟಿ ಕಾರ್ಬನ್ ಸಂಸ್ಥೆಗೆ 2025ರ ಏಪ್ರಿಲಿನಲ್ಲಿ ಎಕ್ಸ್‌ಪ್ರೈಜ್ ಸ್ಪರ್ಧೆಯ 5 ಕೋಟಿ ಡಾಲರ್ ಬಹುಮಾನ ಬಂತು. ನಮ್ಮ ಸೀಮೆಯಲ್ಲಿ ಕ್ರಷರುಗಳಿಗೆ ಬರವಿಲ್ಲ, ಪುಡಿಯ ಗುಡ್ಡೆಗಳೂ ಇವೆ. ಆದರೆ ಆ ಪುಡಿಯನ್ನು ಎರೆ ಹೊಲಕ್ಕೆ ಚೆಲ್ಲುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅದು ಮೊದಲೇ ಕ್ಷಾರದ ಮಣ್ಣು, ಕಲ್ಲು ಅಲ್ಲಿ ನಿಧಾನ ಕರಗುತ್ತದೆ, ಕಂಕರ ಇನ್ನಷ್ಟು ಕಟ್ಟುತ್ತದೆ. ಜಹೀರಾಬಾದ್, ಕೊಹೀರ್ ಕಡೆಯ ಜಂಬಿಟ್ಟಿಗೆ ನೆಲದ ಮಾತು ಬೇರೆ. ಕ್ಯಾಲ್ಸಿಯಂ, ಮೆಗ್ನೀಷಿಯಂ, ಸಿಲಿಕಾ ಕಳೆದುಕೊಂಡು ಬಡವಾಗಿರುವ ಆ ಮಣ್ಣಿಗೆ ಅದರ ತಾಯಿಕಲ್ಲಿನ ಪುಡಿಯನ್ನೇ ಹಿಂದಿರುಗಿಸಿದಂತಾಗುತ್ತದೆ. ಕೆರೆಯ ಹೂಳನ್ನು ಕೆಂಪು ಹೊಲಕ್ಕೆ ಹೊಡೆಯುವ ರೂಢಿ ನಮ್ಮಲ್ಲಿ ಹಳೆಯದು, 2015ರ ಮಿಷನ್ ಕಾಕತೀಯದಲ್ಲಿ ಸರ್ಕಾರವೂ ಅದನ್ನು ಎತ್ತಿಕೊಂಡಿತು. ಕಲ್ಲುಪುಡಿ ಅದರ ಮುಂದುವರಿಕೆ ಎಂದುಕೊಂಡು, ಒಂದೆರಡು ಎಕರೆಯಲ್ಲಿ, ಪುಡಿಯಲ್ಲಿ ನಿಕಲ್, ಕ್ರೋಮಿಯಂ ಎಷ್ಟಿದೆ ಎಂದು ಪರೀಕ್ಷಿಸಿಕೊಂಡು ಮಾಡಿ ನೋಡಬೇಕು.

ಆದರೆ ಒಂದು ಲೆಕ್ಕ ಕಣ್ಮುಂದೆ ಇರಲಿ. ನಾವು ಇಂಧನ ಸುಟ್ಟು ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 3,700 ಕೋಟಿ ಟನ್. ಭೂಮಿಯ ಜ್ವಾಲಾಮುಖಿಗಳೆಲ್ಲ ಸೇರಿ ಬಿಡುವುದು ಅದರ ನೂರರಲ್ಲಿ ಒಂದು ಪಾಲಿನಷ್ಟು. ಸಿಲಿಕೇಟ್ ಕಲ್ಲುಗಳು ತೆಗೆಯುವುದೂ ಹೆಚ್ಚುಕಡಿಮೆ ಅಷ್ಟೇ. ಕಲ್ಲು ನಮ್ಮನ್ನು ಕಾಯುತ್ತದೆ, ನಿಜ. ಆದರೆ ಅದಕ್ಕೆ ಕೆಲವು ಲಕ್ಷ ವರ್ಷ ಬೇಕು. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು ಈಗ 420 ದಾಟಿದೆ. ಕಲ್ಲುಪುಡಿಯ ಹೆಸರಿನಲ್ಲಿ ಹೊಗೆ ಬಿಡಲು ಪರವಾನಗಿ ಕೊಳ್ಳುವ ವ್ಯಾಪಾರ ನಡೆದರೆ ಅದು ನೇರ ಮೋಸ. ಮೋಸವೋ ಅಲ್ಲವೋ ಎಂದು ಹೇಳಬಲ್ಲದ್ದು ಹೊಲದಿಂದ ಹರಿದು ಬರುವ ನೀರು ಮಾತ್ರ. ಪುಡಿ ಹಾಕುವ ಮೊದಲು ಆ ನೀರು ಹೇಗಿತ್ತು ಎಂಬ ದಾಖಲೆ ಊರವರ ಕೈಯಲ್ಲೇ ಇರಬೇಕು.

ಅದಕ್ಕಾಗಿ ಈ ಮೂರು ಊರುಗಳ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ಒಂದು ಮನವಿ. ನಿಮ್ಮಲ್ಲಿ ಬ್ಯೂರೆಟ್ ಇದೆ, ಗಂಧಕಾಮ್ಲ ಇದೆ, ಮೀಥೈಲ್ ಆರೆಂಜ್ ಇದೆ. ತಿಂಗಳಿಗೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ಜಹೀರಾಬಾದಿನವರು ನಾರಿಂಜದಿಂದ, ನಾರಾಯಣಖೇಡದವರು ಸಿಂಗೂರಿನ ಹಿನ್ನೀರಿಗೆ ಮೊದಲು ಮಾಂಜ್ರಾದಿಂದ, ತಾಂಡೂರಿನವರು ಕಾಗಿಣಾದಿಂದ ಒಂದೊಂದು ಬಾಟಲಿ ನೀರು ತನ್ನಿ. 100 ಮಿಲಿಲೀಟರ್ ನೀರಿಗೆ ಮೂರು ಹನಿ ಮೀಥೈಲ್ ಆರೆಂಜ್ ಹಾಕಿ, 0.02 ನಾರ್ಮಲ್ ಗಂಧಕಾಮ್ಲವನ್ನು ಹನಿಹನಿಯಾಗಿ ಬಿಡಿ. ಹಳದಿ ತಿರುಗಿ ಕಿತ್ತಳೆಯಾಗುವಾಗ ನಿಲ್ಲಿಸಿ, ಬಿದ್ದ ಮಿಲಿಲೀಟರನ್ನು ಹತ್ತರಿಂದ ಗುಣಿಸಿದರೆ ಕ್ಷಾರತೆ ಸಿಗುತ್ತದೆ. ಮೊದಲ ಮಳೆಯ ಕೆನ್ನೀರು, ಶ್ರಾವಣದ ತುಂಬು ಹೊಳೆ, ಬೇಸಿಗೆಯ ತೆಳು ಹರಿವು, ಒಂದನ್ನೂ ಬಿಡಬೇಡಿ. ಹತ್ತು ವರ್ಷ ಹೀಗೆ ಬರೆದಿಟ್ಟ ಪುಸ್ತಕ ಈ ನದಿಗಳ ಬಗ್ಗೆ ಯಾರೇ ಏನೇ ಹೇಳಿದರೂ ಅದಕ್ಕೆ ಸಾಕ್ಷಿಯಾಗುತ್ತದೆ. ಬಾಟಲಿಯ ಮೇಲೆ ತಾರೀಖು, ಜಾಗ, ನೀರಿನ ಆಳ ಮೂರನ್ನೂ ಬರೆಯಿರಿ, ಅವಿಲ್ಲದ ಬಾಟಲಿ ಲೆಕ್ಕಕ್ಕೆ ಬರುವುದಿಲ್ಲ.